ಆಟಿಕೆಯ ಸಿಪಾಯಿಗಳು

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವು ಇತಿಹಾಸಪ್ರಸಿದ್ಧವಾದ ಸ್ಥಳ. ಬೆಟ್ಟದ ಮೇಲೆ ಪುರಾತನವಾದ ಕೋಟೆಯೂ ಉಚ್ಚಂಗಮ್ಮನ ಗುಡಿಯೂ ಇವೆ. ನೊಳಂಬವಾಡಿಯನ್ನು ಆಳಿದ ಪಾಂಡ್ಯರಿಗೆ ಇದು ರಾಜಧಾನಿಯಾಗಿದ್ದಿತು. 1177ರ ಸುಮಾರಿಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಇದನ್ನು ಗೆದ್ದು ‘ಗಿರಿದುರ್ಗಮಲ್ಲ’ನೆನಿಸಿದನು. ದೊರೆಯ ಬಿರುದು ಶಾಸನಗಳಲ್ಲಿ ಉಳಿಯಿತು. ಕೋಟೆಯನ್ನು ಹತ್ತಿದ, ಕೋಟೆಯನ್ನು ಕಾದ ಕಾಲಾಳುಗಳಲ್ಲಿ ಬಹುಮಂದಿಯ ಹೆಸರು ಅಳಿದುಹೋಯಿತು.

ಅಂತಹ ಕಾಲಾಳುವಿನ ಸಣ್ಣ ಪ್ರತಿರೂಪವೊಂದು ಇಂದಿಗೂ ಜಾತ್ರೆಯ ಅಂಗಡಿಗಳಲ್ಲಿ ದೊರೆಯುತ್ತದೆ. ಅದೇ ಪ್ಲಾಸ್ಟಿಕ್ಕಿನ ಸಿಪಾಯಿ. ಬೆರಳುದ್ದದ ಈ ಗೊಂಬೆಗೆ ಬೆಲೆ ಅಲ್ಪ, ಚರಿತ್ರೆ ದೊಡ್ಡದು.

ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಕುಶಲಕರ್ಮಿಗಳು ತವರದಿಂದ ಚಪ್ಪಟೆಯಾದ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬಾತನು ಹೊಸ ವಿಧಾನವೊಂದನ್ನು ಬಳಕೆಗೆ ತಂದನು. ಕರಗಿದ ಸೀಸವನ್ನು ಅಚ್ಚಿಗೆ ಹೊಯ್ದು, ಹೊರಪದರವು ಗಟ್ಟಿಯಾದೊಡನೆ ಉಳಿದುದನ್ನು ಹೊರಕ್ಕೆ ಸುರಿಯುವುದೇ ಆ ವಿಧಾನ. ಗೊಂಬೆ ಟೊಳ್ಳಾಯಿತು, ಲೋಹ ಉಳಿಯಿತು, ಬೆಲೆ ಇಳಿಯಿತು. ಆದರೆ ಸೀಸವು ವಿಷಕಾರಿಯಾದುದು. ಎರಡನೆಯ ಮಹಾಯುದ್ಧದ ಅನಂತರ ಅದರ ಸ್ಥಾನವನ್ನು ಪ್ಲಾಸ್ಟಿಕ್ ಆಕ್ರಮಿಸಿತು.

ನಮ್ಮ ನಾಡಿಗೂ ಇಂತಹ ಸಂಗ್ರಹ ಹೊಸತಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯಂದು ಪಟ್ಟದ ಗೊಂಬೆಗಳನ್ನು ಕೂರಿಸಿ, ಅವುಗಳ ಮುಂದೆ ಆನೆ, ಕುದುರೆ, ಸಿಪಾಯಿಗಳ ಸಾಲನ್ನು ಜೋಡಿಸಿ ಜಂಬೂಸವಾರಿಯನ್ನು ರಚಿಸುವುದುಂಟು. ವರ್ಷಕ್ಕೊಂದೆರಡರಂತೆ ಕೂಡಿಸಿದ ಗೊಂಬೆಗಳು ತಲೆಮಾರಿನಿಂದ ತಲೆಮಾರಿಗೆ ಸಾಗಿಬರುತ್ತವೆ.

ಸಂಗ್ರಹಕ್ಕೆ ಹಣಕ್ಕಿಂತ ಹೆಚ್ಚಾಗಿ ಸೂಕ್ಷ್ಮದೃಷ್ಟಿ ಬೇಕು. ಒಬ್ಬ ಸಿಪಾಯಿ ನಿಂತಿರುತ್ತಾನೆ, ಮತ್ತೊಬ್ಬ ಮಂಡಿಯೂರಿರುತ್ತಾನೆ, ಇನ್ನೊಬ್ಬ ನೆಲಕ್ಕೊರಗಿ ಗುರಿಯಿಡುತ್ತಾನೆ. ಶಿರಸ್ತ್ರಾಣವನ್ನು ನೋಡಿ ಅವನು ಯಾವ ದೇಶದ, ಯಾವ ಕಾಲದ ಸೈನಿಕನೆಂದು ಊಹಿಸಬಹುದು. ಒಂದು ಗೊಂಬೆಯಿಂದ ಅಚ್ಚು ತೆಗೆದು ಮತ್ತೊಂದನ್ನು, ಅದರಿಂದ ಇನ್ನೊಂದನ್ನು ಮಾಡಿದಂತೆಲ್ಲ ಮುಖದ ಗೆರೆಗಳು ಮಾಸುತ್ತವೆ. ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ಮೂಲ ಯಾವುದು, ನಕಲು ಯಾವುದು ಎಂಬುದು ತಿಳಿಯುತ್ತದೆ. ಪ್ರತಿಯೊಂದನ್ನೂ ಎಲ್ಲಿ, ಎಂದು, ಎಷ್ಟಕ್ಕೆ ಕೊಂಡದ್ದೆಂದು ಪುಸ್ತಕದಲ್ಲಿ ಬರೆದಿಟ್ಟರೆ ಆಟವು ಅಧ್ಯಯನವಾಗುತ್ತದೆ. ಬರೆದಿಡದ ಸಂಗ್ರಹವು ಕೇವಲ ರಾಶಿ.

ಆಟದ ಯುದ್ಧವು ನಿಜವಾದ ಯುದ್ಧದ ಆಸೆಯನ್ನು ಬೆಳೆಸುವುದಿಲ್ಲವೆ? ಇದು ಯೋಗ್ಯವಾದ ಪ್ರಶ್ನೆಯೇ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟಿಕೆಯ ಸೈನಿಕರೊಡನೆ ಆಡುವ ನಿಯಮಗಳನ್ನು ವಿವರಿಸಿದನು. ನಿಜವಾದ ಯುದ್ಧಕ್ಕಿಂತ ಈ ಆಟವೇ ಎಷ್ಟೋ ಮೇಲೆಂಬುದು ಅವನ ಅಭಿಪ್ರಾಯ. ಮರುವರ್ಷವೇ ಮೊದಲನೆಯ ಮಹಾಯುದ್ಧವು ಆರಂಭವಾಗಿ ಲಕ್ಷಾಂತರ ತರುಣರನ್ನು ಬಲಿ ತೆಗೆದುಕೊಂಡಿತು.

ಕರ್ನಾಟಕದ ವೀರಗಲ್ಲುಗಳೂ ಇದನ್ನೇ ನೆನಪಿಸುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುವ ವೀರನು ಮೇಲಿನ ಪಟ್ಟಿಕೆಗೆ ಏರುವುದು ಪ್ರಾಣವನ್ನು ತೆತ್ತ ಮೇಲೆಯೇ. ಆಟದಲ್ಲಿ ಉರುಳಿದ ಸಿಪಾಯಿಯನ್ನು ಸಂಜೆ ಎತ್ತಿ ಪೆಟ್ಟಿಗೆಯಲ್ಲಿಡಬಹುದು. ಕೋಟೆಯ ಬಾಗಿಲಲ್ಲಿ ಉರುಳಿದವನು ಮನೆಗೆ ಮರಳಲಿಲ್ಲ. ಈ ಅಂತರವನ್ನು ಅರಿತ ಬಾಲಕನ ಕೈಯಲ್ಲಿ ಅಗ್ಗದ ಗೊಂಬೆಯೂ ಬೆಲೆಯುಳ್ಳದ್ದಾಗುತ್ತದೆ.