ಮಕ್ಕಳ ಮುಂದಿನ ಹಲ್ಲುಗಳ ಕಲೆ: ಚಿಕಿತ್ಸೆ ಹಾಗೂ ಗ್ರಾಮ ಪಂಚಾಯಿತಿಯ ಹೊಣೆ

ಕೊಳವೆಬಾವಿಯ ನೀರನ್ನು ನೆಚ್ಚಿರುವ ಗ್ರಾಮಗಳಲ್ಲಿ ಹಲವು ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಅಡ್ಡಪಟ್ಟಿ ಕಂಡುಬಂದರೆ ಅದು ದಂತ ಫ್ಲೋರೋಸಿಸ್ ಆಗಿರುವ ಸಾಧ್ಯತೆಯುಂಟು. ಆಳಂದ ತಾಲ್ಲೂಕಿನ ನಿಂಬರ್ಗಾ ಭಾಗದ ಗ್ರಾಮ ಪಂಚಾಯಿತಿ ಸದಸ್ಯರು ಈ ಕುರಿತು ತಿಳಿದಿರಬೇಕಾದ ಅಂಶಗಳು ಇಂತಿವೆ.

1. ಕಾರಣ

ಶಾಶ್ವತ ಹಲ್ಲಿನ ಹೊರಕವಚವಾದ ಎನಾಮಲ್, ಹಲ್ಲು ಮೂಡುವ ಮುನ್ನವೇ ದವಡೆಯೊಳಗೆ ರೂಪುಗೊಳ್ಳುತ್ತದೆ. ಮುಂದಿನ ಹಲ್ಲುಗಳಿಗೆ ಹುಟ್ಟಿನಿಂದ ಸುಮಾರು 5 ವರ್ಷದವರೆಗಿನ ಕಾಲ ಮುಖ್ಯವಾದುದು. ಆಗ ಫ್ಲೋರೈಡ್ ಅಧಿಕವಿರುವ ನೀರು ದೇಹ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. 6ರಿಂದ 8ನೇ ವಯಸ್ಸಿನಲ್ಲಿ ಹಲ್ಲು ಮೂಡಿದಾಗ ದೋಷ ಬೆಳಕಿಗೆ ಬರುತ್ತದೆ. ಎರಡನೇ ತರಗತಿಯ ಮಗುವಿನ ಹಲ್ಲಿನ ಕಲೆ, ಅದು ಅಂಗನವಾಡಿಯ ವಯಸ್ಸಿನಲ್ಲಿ ಕುಡಿದ ನೀರಿನ ಫಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ.

2. ಚಿಕಿತ್ಸೆ

ಈ ಕಲೆ ಹಲ್ಲುಜ್ಜುವುದರಿಂದ ಹೋಗದು. ಇಟ್ಟಿಗೆ ಪುಡಿ, ಬೂದಿಗಳಿಂದ ತಿಕ್ಕಿದರೆ ಎನಾಮಲ್ ಸವೆಯುತ್ತದೆ. ಹುಳುಕು, ಪೆಟ್ಟು ಮೊದಲಾದವುಗಳಿಂದಲೂ ಕಲೆ ಉಂಟಾಗುವುದರಿಂದ ದಂತವೈದ್ಯರ ತಪಾಸಣೆ ಅಗತ್ಯ. ಅಲ್ಪ ಬಿಳಿ ಮಚ್ಚೆಗಳಿಗೆ ಚಿಕಿತ್ಸೆ ಬೇಕಾಗದಿರಬಹುದು. ಕಂದು ಕಲೆಯಿದ್ದರೆ ವೈದ್ಯರು ಎನಾಮಲಿನ ಅತಿ ತೆಳುವಾದ ಹೊರಪದರವನ್ನು ತೆಗೆಯುತ್ತಾರೆ. ಆಳವಾದ ಕಲೆಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ ಹಚ್ಚುತ್ತಾರೆ. ಶಾಶ್ವತ ಹೊದಿಕೆಗಳನ್ನು ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ನಂತರವೇ ಅಳವಡಿಸಲಾಗುತ್ತದೆ. ಕಲೆಯ ನಾಚಿಕೆಯಿಂದ ಬಾಯಿ ಮುಚ್ಚಿ ನಗುವ, ತರಗತಿಯಲ್ಲಿ ಮಾತನಾಡಲು ಹಿಂಜರಿಯುವ ಮಕ್ಕಳಿಗೆ ಈ ಚಿಕಿತ್ಸೆಯಿಂದ ಬಹಳ ಉಪಕಾರವಾಗುತ್ತದೆ.

3. ಪಂಚಾಯಿತಿಯ ಕರ್ತವ್ಯ

ಚಿಕಿತ್ಸೆಯು ಆಗಿರುವ ಕಲೆಯನ್ನು ಮರೆಮಾಡಬಲ್ಲದು. ಮುಂದೆ ಹುಟ್ಟುವ ಮಗುವನ್ನು ಕಾಯುವುದು ನೀರಿನ ಕುರಿತ ಪಂಚಾಯಿತಿಯ ನಿರ್ಧಾರ. ಅದಕ್ಕಾಗಿ:

• ಪ್ರತಿಯೊಂದು ಜಲಮೂಲದ ನೀರನ್ನು ವರ್ಷಕ್ಕೊಮ್ಮೆಯಾದರೂ ರಾಸಾಯನಿಕ ಪರೀಕ್ಷೆಗೆ ಒಳಪಡಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಬೇರೆ ಬೇರೆ ಇರಬಹುದು.
• ಮಿತಿ ಮೀರಿದ ಕೊಳವೆಬಾವಿಗೆ ಗುರುತು ಹಾಕಿ, ಅದರ ನೀರನ್ನು ಬಟ್ಟೆ ಒಗೆಯುವುದು ಮೊದಲಾದ ಇತರ ಬಳಕೆಗೆ ಸೀಮಿತಗೊಳಿಸುವುದು.
• ಸುರಕ್ಷಿತ ನೀರನ್ನು ಮೊದಲು ಅಂಗನವಾಡಿ, ಶಾಲೆ ಹಾಗೂ ಬಿಸಿಯೂಟದ ಅಡುಗೆಮನೆಗೆ ಒದಗಿಸುವುದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಅಡುಗೆಗೂ ಸುರಕ್ಷಿತ ನೀರೇ ಬೇಕು.
• ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷಿಸಿ, ಘಟಕವು ಕೆಟ್ಟು ನಿಲ್ಲದಂತೆ ನಿರ್ವಹಣೆಗೆ ಹಣ ಕಾದಿರಿಸುವುದು.
• ಕಲೆಯುಳ್ಳ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರು ಹಾಗೂ ಶಿಕ್ಷಕರ ನೆರವಿನಿಂದ ಸಿದ್ಧಪಡಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.

ಒಂದೇ ಓಣಿಯ ಹಲವು ಮಕ್ಕಳಲ್ಲಿ ಕಲೆ ಕಂಡುಬಂದರೆ ಆ ಓಣಿಯ ನೀರನ್ನು ಮೊದಲು ಪರೀಕ್ಷಿಸತಕ್ಕದ್ದು.