ಫರ್ನೇಸ್ ಕೈಕೊಟ್ಟಿತೇ? ಫೋನ್ ಎತ್ತುವ ಮುನ್ನ ಇಷ್ಟು ನೋಡಿ

ಷಿಕಾಗೊ, ಮಿನಿಯಾಪೊಲಿಸ್, ಟೊರಾಂಟೊ ಕಡೆ ನೆಲೆಸಿರುವ ಕನ್ನಡಿಗರಿಗೆ ಜನವರಿಯಲ್ಲಿ ಫರ್ನೇಸ್ ನಿಂತರೆ ಆಗುವ ಫಜೀತಿಯನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗೆ ಮೈನಸ್ 15 ಡಿಗ್ರಿ, ಶನಿವಾರ ರಾತ್ರಿ, ಮೆಕ್ಯಾನಿಕ್ ಬಾಗಿಲಿಗೆ ಬಂದದ್ದಕ್ಕೇ ದುಬಾರಿ ಬಿಲ್ಲು. ಎಷ್ಟೋ ಸಲ ಗ್ಯಾಸ್ ಫರ್ನೇಸ್ ಕೆಟ್ಟೇ ಇರುವುದಿಲ್ಲ. ಏನೋ ಸರಿಯಿಲ್ಲವೆಂದು ತಾನಾಗಿ ನಿಂತಿರುತ್ತದೆ. ಆ ‘ಏನೋ’ ಯಾವುದೆಂದು ಹುಡುಕುವ ಕ್ರಮ ಇದು.

1. ಮೊದಲು ಮೂಗಿಗೆ ಕೆಲಸ ಕೊಡಿ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಗ್ಯಾಸ್ ಸೋರುತ್ತಿದೆ ಎಂದೇ ತಿಳಿಯಿರಿ. ಲೈಟ್ ಸ್ವಿಚ್ಚನ್ನೂ ಮುಟ್ಟದೆ ಮನೆಮಂದಿಯನ್ನೆಲ್ಲ ಹೊರಡಿಸಿ, ಹೊರಗೆ ನಿಂತು 911ಕ್ಕೆ ಕರೆ ಮಾಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದರ ಅಲಾರಂ ಕೂಗಿದರೂ ಹೀಗೇ ಮಾಡಿ.

2. ಥರ್ಮೋಸ್ಟಾಟ್ ‘ಹೀಟ್’ನಲ್ಲಿದೆಯೇ? ಪರದೆ ಖಾಲಿಯಿದ್ದರೆ ಬ್ಯಾಟರಿ ಬದಲಿಸಿ. ಬರೀ ತಣ್ಣನೆ ಗಾಳಿ ಬರುತ್ತಿದ್ದರೆ ಫ್ಯಾನನ್ನು ‘ಆನ್’ನಿಂದ ‘ಆಟೋ’ಗೆ ತಿರುಗಿಸಿ.

3. ಫರ್ನೇಸ್‌ನ ಸ್ವಿಚ್ ನೋಡಿ. ಬೇಸ್‌ಮೆಂಟಿನಲ್ಲಿ ಅದರ ಪಕ್ಕದಲ್ಲೇ ಇರುತ್ತದೆ, ಥೇಟ್ ಲೈಟ್ ಸ್ವಿಚ್ಚಿನ ಹಾಗೆ. ಅಕ್ಕಿ ಮೂಟೆ ಇಳಿಸಲು ಹೋದವರು ಲೈಟ್ ಎಂದುಕೊಂಡು ಅದನ್ನೇ ಆರಿಸಿ ಬಂದಿರುವುದುಂಟು. ಬ್ರೇಕರ್ ಬಿದ್ದಿದ್ದರೆ ಒಮ್ಮೆ ಮಾತ್ರ ಎತ್ತಿ. ಮತ್ತೆ ಬಿದ್ದರೆ ಅದು ನಿಮ್ಮ ಕೆಲಸವಲ್ಲ.

4. ಮಿನುಗುವ ದೀಪ ಎಣಿಸಿ. ಹೆಚ್ಚಿನ ಫರ್ನೇಸ್‌ಗಳ ಮುಚ್ಚಳದಲ್ಲಿ ಪುಟ್ಟ ಕಿಟಕಿಯಿದ್ದು, ಒಳಗಿನ ಬೋರ್ಡಿನ ದೀಪ ಇಂತಿಷ್ಟು ಸಲ ಮಿನುಗಿ, ಒಂದು ಕ್ಷಣ ನಿಂತು, ಮತ್ತೆ ಶುರುಮಾಡುತ್ತದೆ. ಅದು ದೋಷದ ಸಂಖ್ಯೆ. ಅರ್ಥ ಮುಚ್ಚಳದ ಒಳಮೈಯ ಚೀಟಿಯಲ್ಲಿದೆ, ಕಂಪನಿಯಿಂದ ಕಂಪನಿಗೆ ಬೇರೆ. ಮುಚ್ಚಳ ತೆಗೆದರೆ ಕರೆಂಟ್ ಹೋಗಿ ದೀಪವೂ ಆರುತ್ತದೆ. ಆದ್ದರಿಂದ ಮೊದಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

5. ಫಿಲ್ಟರ್ ಎಳೆದು ನೋಡಿ. ನನ್ನ ಮಟ್ಟಿಗೆ ಮೊದಲ ಅನುಮಾನ ಇದರ ಮೇಲೆಯೇ. ಬರ್ನರ್ ಹೊತ್ತಿ, ಕೆಲವು ನಿಮಿಷ ಬೆಚ್ಚನೆ ಗಾಳಿ ಬಂದು, ಆಮೇಲೆ ತಣ್ಣಗಾಗುತ್ತಿದೆಯೇ? ಧೂಳು, ಕೂದಲು ಕಟ್ಟಿಕೊಂಡು ಗಾಳಿ ಹರಿಯದೆ ಒಳಗೆ ಕಾವು ಮಿತಿಮೀರುತ್ತದೆ, ಲಿಮಿಟ್ ಸ್ವಿಚ್ ಬರ್ನರನ್ನು ಆರಿಸುತ್ತದೆ. ಫರ್ನೇಸ್ ಆಫ್ ಮಾಡಿ, ಫಿಲ್ಟರನ್ನು ಬೆಳಕಿಗೆ ಹಿಡಿಯಿರಿ. ಬೆಳಕು ತೂರದಿದ್ದರೆ ಹೊಸದು ಹಾಕಿ. ಅಳತೆ ಅದರ ಅಂಚಿನಲ್ಲೇ ಅಚ್ಚಾಗಿರುತ್ತದೆ, 16x25x1 ಎನ್ನುವಂತೆ. ಬಾಣದ ಗುರುತು ಫರ್ನೇಸ್ ಕಡೆಗಿರಲಿ. 1 ಇಂಚಿನ ಫಿಲ್ಟರಿಗೆ ಆಯಸ್ಸು 1ರಿಂದ 3 ತಿಂಗಳು. ಕೋಣೆಗಳಲ್ಲಿ ಗಾಳಿ ಬರುವ ಜಾಲರಿಗಳ ಮೇಲೆ ಸೋಫಾ, ಜಮಖಾನೆ ಕೂತಿದ್ದರೆ ಸರಿಸಿ.

6. ಮುಚ್ಚಳ ಸರಿಯಾಗಿ ಕೂತಿದೆಯೇ? ಕೂರದಿದ್ದರೆ ಒಳಗಿನ ಸುರಕ್ಷತಾ ಸ್ವಿಚ್ ಒತ್ತಿಕೊಳ್ಳುವುದಿಲ್ಲ. ಫರ್ನೇಸ್ ಜಪ್ಪಯ್ಯ ಅಂದರೂ ಶುರುವಾಗದು.

7. ಹಿಮ ಬಿದ್ದಿದ್ದರೆ ಮನೆಯ ಸುತ್ತ ಹೋಗಿಬನ್ನಿ. ಹೊಸ ಮಾದರಿಯ ಫರ್ನೇಸ್‌ಗಳು ಗೋಡೆಯಾಚೆ ಚಾಚಿದ ಪ್ಲಾಸ್ಟಿಕ್ ಪೈಪುಗಳಿಂದ ಉಸಿರಾಡುತ್ತವೆ. ಬಾಯಿಗೆ ಹಿಮ ಮೆತ್ತಿದ್ದರೆ ಕೈಯಿಂದ ಬಿಡಿಸಿ. ಮನೆಯೊಳಗೆ, ಫರ್ನೇಸ್‌ನಿಂದ ನೀರು ಹೊರಹೋಗುವ ಸಣ್ಣ ಕೊಳವೆ ಮಡಚಿಕೊಂಡಿದೆಯೇ, ಅದನ್ನೂ ನೋಡಿ.

8. ಇಷ್ಟಾದ ಮೇಲೆ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ. ಹಲವು ಸಲ ಹೊತ್ತದೇ ಹೋದರೆ ಬೋರ್ಡ್ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ, ಇದರಿಂದ ಅದು ಬಿಡುತ್ತದೆ. ಒಂದೆರಡು ಸಲ ಸಾಕು, ಪದೇ ಪದೇ ಬೇಡ.

9. ಇಲ್ಲಿಗೆ ಕೈ ತೊಳೆದುಕೊಳ್ಳಿ. ಯೂಟ್ಯೂಬ್ ನೋಡಿ ಗ್ಯಾಸ್ ವಾಲ್ವ್ ಬಿಚ್ಚುವುದು, ವೈರ್ ಜೋಡಿಸಿ ಸುರಕ್ಷತಾ ಸ್ವಿಚ್ಚು ಕೆಲಸ ಮಾಡದಂತೆ ಮಾಡುವುದು ಜಾಣತನವಲ್ಲ. ಬಾಡಿಗೆ ಮನೆಯಾದರೆ ಮೊದಲ ಫೋನ್ ಮಾಲೀಕರಿಗೆ. ಸ್ವಂತದ್ದಾದರೆ ಮೆಕ್ಯಾನಿಕ್‌ಗೆ ಮಾಡೆಲ್ ಸಂಖ್ಯೆ, ದೀಪದ ಲೆಕ್ಕ ಹೇಳಿ. ತಕ್ಕ ಬಿಡಿಭಾಗ ಹಿಡಿದೇ ಬಂದಾರು.

ಅವರು ಬರುವವರೆಗೆ ನಲ್ಲಿಗಳಲ್ಲಿ ನೀರು ಸಣ್ಣಗೆ ಹರಿಯುತ್ತಿರಲಿ, ಪೈಪು ಹೆಪ್ಪುಗಟ್ಟಿ ಒಡೆಯುವ ಭಯ ಕಡಿಮೆ. ಎಷ್ಟೇ ಚಳಿಯಾದರೂ ಇದ್ದಿಲಿನ ಒಲೆಯನ್ನಾಗಲಿ, ಬಾರ್ಬೆಕ್ಯೂ ಗ್ರಿಲ್ಲನ್ನಾಗಲಿ ಮನೆಯೊಳಗೆ ಹಚ್ಚಬೇಡಿ.