ಚಂದ್ರನ ಮಣ್ಣಿನ ಇಟ್ಟಿಗೆ: ಒಂದೇ ಪಾಠ, ಎರಡು ಶಾಲೆ

ಇಟ್ಟಿಗೆ ಭಟ್ಟಿಯನ್ನು ಪೂರ್ವಜ್ಞಾನವಾಗಿಟ್ಟುಕೊಂಡು ಸಿರುಗುಪ್ಪದಲ್ಲಿ ಒಂಬತ್ತನೇ ತರಗತಿಗೆ ಅಭ್ಯಾಸ ಪಾಠ ಮಾಡಿದೆ. ಮಣ್ಣು, ನೀರು, ಅಚ್ಚು, ಭತ್ತದ ಹೊಟ್ಟಿನ ಬೆಂಕಿ ಎಂದು ಮಕ್ಕಳು ಚಕಚಕನೆ ಹೇಳಿದರು. "ಚಂದ್ರನ ಮೇಲೂ ಅಲ್ಲಿನ ಮಣ್ಣಿನಿಂದ ಹೀಗೆಯೇ ಇಟ್ಟಿಗೆ ಮಾಡಬಹುದು" ಎಂದು ಉದ್ದೇಶ ಕಥನ ಮಾಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಅಲ್ಲಿ ಗಾಳಿನೇ ಇಲ್ಲಂದ್ರಿ. ಭಟ್ಟಿಗೆ ಬೆಂಕಿ ಹೆಂಗ ಹತ್ತತೈತ್ರಿ?"

ಅವನ ಮನೆಯವರು ಭಟ್ಟಿಯಲ್ಲಿ ದುಡಿಯುವವರು. "ಅದು ಇವತ್ತಿನ ಪಾಠದಾಗ ಇಲ್ಲ, ಕುಂದ್ರು" ಎಂದೆ. ಪಾಠಯೋಜನೆಯಲ್ಲಿ ಇರಲಿಲ್ಲ, ನನಗೂ ಗೊತ್ತಿರಲಿಲ್ಲ. ಗಂಟೆ ಹೊಡೆಯುವವರೆಗೆ ಅವನು ಮತ್ತೆ ಕೈ ಎತ್ತಲಿಲ್ಲ. ನನ್ನ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ ಬರೆದದ್ದೂ ಅದನ್ನೇ.

ಬಳ್ಳಾರಿಗೆ ಮರಳಿ ಓದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬೆಂಕಿಯೇ ಇಲ್ಲ. ಚಂದ್ರನ ಮಣ್ಣನ್ನು ಹೋಲುವಂತೆ ಇಲ್ಲೇ ತಯಾರಿಸಿದ ಪುಡಿಗೆ ಸ್ಪೋರೋಸಾರ್ಸಿನಾ ಪಾಶ್ಚುರೀ ಎಂಬ ಬ್ಯಾಕ್ಟೀರಿಯಾ, ಯೂರಿಯಾ, ಕ್ಯಾಲ್ಸಿಯಂ ಬೆರೆಸುತ್ತಾರೆ. ಬ್ಯಾಕ್ಟೀರಿಯಾದ ಕಿಣ್ವ ಯೂರಿಯಾವನ್ನು ಒಡೆದಾಗ ಕಾರ್ಬೋನೇಟ್ ಹುಟ್ಟುತ್ತದೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಕಣಗಳನ್ನು ಬೆಸೆಯುತ್ತದೆ. ಯೂರಿಯಾ ಮೂತ್ರದಿಂದಲೂ ಸಿಗುತ್ತದೆ. (ಇದನ್ನು ಹೇಳಿದಾಗ ಮುಂದೆ ತರಗತಿಯೆಲ್ಲ ನಕ್ಕಿತು. ನಗಲಿ, ಮರೆಯುವುದಿಲ್ಲ.) ಬಲ ಹೆಚ್ಚಿಸಲು ಗ್ವಾರ್ ಗಮ್ ಹಾಕುತ್ತಾರೆ. ಅದು ಬೇರೇನಲ್ಲ, ನಮ್ಮ ಚವಳಿಕಾಯಿ ಬೀಜದ ಅಂಟು! ಪುಡಿಯನ್ನು ಕಾಯಿಸಿ ಗಟ್ಟಿ ಮಾಡುವ ಸಿಂಟರಿಂಗ್ ವಿಧಾನವೂ ಇದೆ. ಅದಕ್ಕೆ ಬೇಕಾದದ್ದು ಶಾಖ, ಉರಿಯಲ್ಲ. ವಿದ್ಯುತ್ ಕುಲುಮೆಯಾದರೂ ಆಗುತ್ತದೆ. ಅಂಥ ಇಟ್ಟಿಗೆಯ ಬಿರುಕನ್ನು ಇದೇ ಬ್ಯಾಕ್ಟೀರಿಯಾ, ಅಂಟು, ಪುಡಿಗಳ ಕಲಸಿನಿಂದ ತುಂಬುವ ಪ್ರಯೋಗವನ್ನು ಅದೇ ಸಂಸ್ಥೆ 2025ರಲ್ಲಿ ಪ್ರಕಟಿಸಿತು.

ಕುರುಗೋಡಿನಲ್ಲಿ ಪಾಠ ಮಾಡುವಾಗ ಆ ಹುಡುಗನ ಪ್ರಶ್ನೆಯನ್ನೇ ಪೀಠಿಕೆ ಮಾಡಿಕೊಂಡೆ. ಜರಡಿ ಹಿಡಿದ ಮರಳನ್ನು ಬರೀ ನೀರಲ್ಲೊಮ್ಮೆ, ಗ್ವಾರ್ ಗಮ್ ಪುಡಿಯ ನೀರಲ್ಲೊಮ್ಮೆ ಕಲಸಿ, ಬೆಂಕಿಪೊಟ್ಟಣದ ಅಚ್ಚಿನಲ್ಲಿ ಎರಡು ದಿನ ಮೊದಲೇ ಒಣಗಿಸಿಟ್ಟಿದ್ದೆ. ಮೊದಲನೆಯದು ಮುಟ್ಟಿದರೆ ಉದುರಿತು, ಎರಡನೆಯದು ನಿಂತಿತು. ಬ್ಯಾಕ್ಟೀರಿಯಾ ತೋರಿಸಲು ಆಗಲಿಲ್ಲ. ಅದರ ಬದಲು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿಸಿದೆ. ನೀರು ಹಾಲಿನಂತಾಯಿತು. ಅಲ್ಲಿ ಹುಟ್ಟಿದ್ದೂ ಕ್ಯಾಲ್ಸಿಯಂ ಕಾರ್ಬೋನೇಟೇ.

ಒಬ್ಬ ಹುಡುಗಿ ಕೇಳಿದಳು: "ಬ್ಯಾಕ್ಟೀರಿಯಾಕ್ಕ ನೀರು ಬೇಕಲ್ರಿ?" ಹೌದು, ಬೇಕು. ಗಾಳಿಯಿಲ್ಲದ ಬಯಲಲ್ಲಿ ನೀರು ದ್ರವವಾಗಿ ನಿಲ್ಲದು. ಮುಚ್ಚಿದ ಕೋಣೆಯೊಳಗೇ ಈ ಕೆಲಸ ಆಗಬೇಕು. ಈ ಇಟ್ಟಿಗೆಗಳು ಇನ್ನೂ ಭೂಮಿಯ ಪ್ರಯೋಗಾಲಯದಲ್ಲೇ ಇವೆ ಎಂದೂ ಹೇಳಿದೆ.

ಮರುವಾರ ಆ ಅಂಟಿನ ಇಟ್ಟಿಗೆಯನ್ನು ಸಿರುಗುಪ್ಪಕ್ಕೆ ಒಯ್ದು ಆ ಹುಡುಗನ ಕೈಗೇ ಕೊಟ್ಟೆ. ಹೆಬ್ಬೆರಳಿಂದ ಒತ್ತಿ ನೋಡಿ, "ಸುಟ್ಟಿದ್ದರಷ್ಟು ಗಟ್ಟಿ ಇಲ್ರಿ ಮೇಡಂ" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಬಲವನ್ನು ಹೇಗೆ ಅಳೆಯುವುದು ಎಂಬಲ್ಲಿಂದ ಅಂದಿನ ಪಾಠ ಶುರುವಾಯಿತು.